ಕ್ಯಾಥೆಟರ್ ತುದಿ ಬಗ್ಗಿಸಲು ತಂತಿಯೋ, ಮ್ಯಾಗ್ನೆಟ್ಟೋ, ಬೇರೇನೋ?

ಹಳೆ ಸೈಕಲ್ಲಿನ ಬ್ರೇಕ್ ವೈರ್ ಮನೆಯಲ್ಲಿ ಬಿದ್ದಿದ್ದರೆ ಮೊದಲು ಅದನ್ನು ತನ್ನಿ. ಹೊರಗಿನ ಕವರನ್ನು ನೇರವಾಗಿಟ್ಟು ಒಳಗಿನ ತಂತಿ ಎಳೆಯಿರಿ. ಸಲೀಸಾಗಿ ಬರುತ್ತದೆ. ಈಗ ಕವರನ್ನು ಒಂದು ಸುತ್ತು ಸುತ್ತಿ ಎಳೆಯಿರಿ. ಬಿಗಿಯಾಯಿತು ಅಲ್ವಾ? ಕವರನ್ನು ಹಿಡಿದುಕೊಳ್ಳದೆ ಜೋರಾಗಿ ಎಳೆದರೆ ಅದೇ ಹಾವಿನ ಹಾಗೆ ಡೊಂಕಾಗಿ ಎದ್ದು ನಿಲ್ಲುತ್ತದೆ. ಕ್ಯಾಥೆಟರ್ ಅಂದರೆ ರಕ್ತನಾಳದಂಥ ದಾರಿಯಲ್ಲಿ ದೇಹದೊಳಗೆ ತೂರಿಸುವ ತೆಳು ಕೊಳವೆ. ಬಗ್ಗುವ ಕ್ಯಾಥೆಟರ್ ಮಾಡುವವರ ಮುಕ್ಕಾಲು ಪಾಲು ತಲೆನೋವು ಈ ಒಂದು ವೈರಿನಲ್ಲೇ ಇದೆ.

ಎಂ.ಟೆಕ್ ಪ್ರಾಜೆಕ್ಟಿಗೋ, ಸ್ಟಾರ್ಟಪ್ಪಿಗೋ ಈ ಕೆಲಸಕ್ಕೆ ಕೈ ಹಾಕುವವರು ಸಾಮಾನ್ಯವಾಗಿ ತುದಿಯಿಂದ ಶುರು ಮಾಡುತ್ತಾರೆ. ತುದಿ ಎಷ್ಟು ಡಿಗ್ರಿ ಬಗ್ಗಬೇಕು, ಎಷ್ಟು ದಿಕ್ಕಿಗೆ ತಿರುಗಬೇಕು ಅಂತ. ನನ್ನ ಅನುಭವದಲ್ಲಿ ತುದಿ ಬಗ್ಗಿಸುವುದು ಸುಲಭ. ಅದರ ಹಿಂದಿರುವ ಒಂದು ಮೀಟರ್ ಉದ್ದದ ಕೊಳವೆಯನ್ನು ಸುಮ್ಮನೆ ಇರಿಸುವುದೇ ಕಷ್ಟ. ಯಾವ ವಿಧಾನ ಆರಿಸಿದರೂ ನಾನು ಮೊದಲು ಕೇಳುವುದು ಇದನ್ನೇ: ಇದು ಆ ಒಂದು ಮೀಟರಿಗೆ ಏನು ಮಾಡುತ್ತದೆ?

ಅಳತೆಯ ವಿಷಯ ಒಂದು ಮಾತು. ಕ್ಯಾಥೆಟರ್ ದಪ್ಪವನ್ನು ಫ್ರೆಂಚ್ ಲೆಕ್ಕದಲ್ಲಿ ಹೇಳುತ್ತಾರೆ. 3 ಫ್ರೆಂಚ್ ಅಂದರೆ 1 ಮಿ.ಮೀ. ಹೃದಯದ ಬಡಿತದ ದೋಷ ಸರಿಮಾಡುವ ಅಬ್ಲೇಶನ್ ಕ್ಯಾಥೆಟರ್ 8 ಫ್ರೆಂಚ್ ಇದ್ದರೆ ಅದರ ವ್ಯಾಸ 2.67 ಮಿ.ಮೀ. ಈ ಜಾಗದಲ್ಲೇ ವಿದ್ಯುತ್ ತಂತಿಗಳು, ಉಪ್ಪುನೀರಿನ ದಾರಿ, ಸೆನ್ಸರ್ ಎಲ್ಲ ಕೂರಬೇಕು. ಬಗ್ಗಿಸುವ ವ್ಯವಸ್ಥೆಗೆ ಉಳಿಯುವುದು ಮೂಲೆಯಲ್ಲಿ ಸ್ವಲ್ಪ ಜಾಗ, ಅಷ್ಟೇ.

ಬಗ್ಗಿಸಲೇಬೇಕಾ?

ಮೊದಲ ಆಯ್ಕೆ, ಏನನ್ನೂ ಬಗ್ಗಿಸದಿರುವುದು. ತಮಾಷೆ ಅಲ್ಲ. ಬೆಂಗಳೂರಿನ ಜಯದೇವದಂಥ ಆಸ್ಪತ್ರೆಯ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಕ್ಯಾಥೆಟರ್ ಹಾಕಿ ಪರೀಕ್ಷೆ, ಚಿಕಿತ್ಸೆ ಮಾಡುವ ಕೋಣೆಯಲ್ಲಿ, ಬೆಳಗಿನಿಂದ ಸಂಜೆವರೆಗೆ ಆಂಜಿಯೋಗ್ರಾಂ ನಡೆಯುತ್ತವೆ. ಅಲ್ಲಿ ಬಳಸುವ ಕ್ಯಾಥೆಟರ್‌ಗಳ ಹಿಡಿಯಲ್ಲಿ ತುದಿ ಬಗ್ಗಿಸುವ ಗುಂಡಿಯೇ ಇರುವುದಿಲ್ಲ. 1967ರಲ್ಲಿ ಮೆಲ್ವಿನ್ ಜಡ್ಕಿನ್ಸ್ ಎಂಬ ಅಮೆರಿಕದ ವೈದ್ಯರು ಹೃದಯದ ರಕ್ತನಾಳದ ಬಾಯಿಗೆ ತಾನಾಗಿ ಹೋಗಿ ಕೂರುವಂತೆ ಮೊದಲೇ ಡೊಂಕು ಕೊಟ್ಟ ಕ್ಯಾಥೆಟರ್ ತಂದರು. ಇವತ್ತಿಗೂ ಆ ಆಕಾರವೇ ನಡೆಯುತ್ತಿದೆ. ಒಳಗೆ ಗೈಡ್‌ವೈರ್ (ಕ್ಯಾಥೆಟರಿಗೆ ದಾರಿ ತೋರಿಸುವ ತೆಳು ತಂತಿ) ಇರುವಾಗ ನೇರ ಇರುತ್ತದೆ. ವೈರ್ ಹಿಂದಕ್ಕೆಳೆದರೆ ತನ್ನ ಡೊಂಕಿಗೆ ಮರಳುತ್ತದೆ. ಉಳಿದದ್ದು ವೈದ್ಯರ ಬೆರಳಿನ ತಿರುವು.

ಹೋಗಬೇಕಾದ ಜಾಗ ಎಲ್ಲ ರೋಗಿಗಳಲ್ಲೂ ಹೆಚ್ಚು ಕಡಿಮೆ ಒಂದೇ ಕಡೆ ಇದ್ದರೆ, ಹೋಗಿ ಕೂತ ಮೇಲೆ ಅಲ್ಲೇ ಇದ್ದರೆ ಸಾಕಾದರೆ, ಇದಕ್ಕಿಂತ ಒಳ್ಳೆಯದು ಇಲ್ಲ. ಬೆಲೆ ಕಡಿಮೆ, ಒಳಗಿನ ಜಾಗ ಪೂರ್ತಿ ಸಿಗುತ್ತದೆ, ಕೆಡುವ ಭಾಗವೇ ಇಲ್ಲ. ಆದರೆ ಕೈಯಲ್ಲಿ ತಿರುಗಿಸಿದ್ದು ತುದಿಗೆ ಮುಟ್ಟಬೇಕು. ಅದಕ್ಕೆ ಗೋಡೆಯೊಳಗೆ ಸ್ಟೀಲ್ ತಂತಿಯ ಹೆಣಿಗೆ ಬೇಕು. ಹೆಣಿಗೆ ಸರಿ ಇಲ್ಲದಿದ್ದರೆ ಹಿಡಿ ತಿರುಗಿಸಿದಾಗ ತುದಿ ಮೊದಲು ಅಲುಗುವುದಿಲ್ಲ, ಆಮೇಲೆ ಒಮ್ಮೆಗೇ ಚಿಮ್ಮಿ ತಿರುಗುತ್ತದೆ. ಕ್ಯಾಥ್ ಲ್ಯಾಬಿನವರು ಇದಕ್ಕೆ ವಿಪ್ ಅನ್ನುತ್ತಾರೆ. ಚಾವಟಿ ಬೀಸಿದ ಹಾಗೆಯೇ.

ಮೆದುಳಿನ ರಕ್ತನಾಳಕ್ಕೆ ಹೋಗುವ ಮೈಕ್ರೋಕ್ಯಾಥೆಟರ್‌ಗಳಲ್ಲೂ ಇದೇ ಕಥೆ. 2-3 ಫ್ರೆಂಚ್ ಕೊಳವೆಯಲ್ಲಿ ಎಳೆಯುವ ತಂತಿಗೆ ಜಾಗವೆಲ್ಲಿ? ವೈದ್ಯರು ತುದಿಯೊಳಗೆ ತೆಳು ಕಡ್ಡಿ ಇಟ್ಟು, ಬೇಕಾದ ಡೊಂಕು ಮಾಡಿ, ಹಬೆ ಹಿಡಿದು ಆಕಾರ ಕೂರಿಸುತ್ತಾರೆ. ಶತಮಾನದ ಹಿಂದಿನ ಬಡಗಿ ನೋಡಿದ್ದರೂ ಅರ್ಥವಾಗುವ ಕೆಲಸ ಇದು.

ಎಳೆಯುವ ತಂತಿ

ಜಾಗ ರೋಗಿಯಿಂದ ರೋಗಿಗೆ ಬದಲಾಗುತ್ತದೆ, ಅಥವಾ ಒಂದೇ ಕೋಣೆಯಲ್ಲಿ ಹತ್ತು ಕಡೆ ಮುಟ್ಟಬೇಕು ಅಂದರೆ ಡೊಂಕನ್ನು ಒಳಗಿದ್ದಾಗಲೇ ಬದಲಿಸಬೇಕಾಗುತ್ತದೆ. ಆಗ ಬರುವುದು ಪುಲ್ ವೈರ್. ತುದಿಯಲ್ಲಿ ಒಂದು ಸಣ್ಣ ಉಂಗುರ, ಅದಕ್ಕೆ ಲೇಸರಿನಲ್ಲಿ ಬೆಸೆದ ತಂತಿ, ತಂತಿಯ ಇನ್ನೊಂದು ತುದಿ ಹಿಡಿಯಲ್ಲಿ. ತುದಿಯ ಪ್ಲಾಸ್ಟಿಕ್ ಮೆತ್ತಗೆ, ಹಿಂದಿನದು ಗಡಸು. ಎಳೆದರೆ ಮೆತ್ತಗಿರುವ ಕಡೆ ಬಗ್ಗುತ್ತದೆ. ಮಾರುಕಟ್ಟೆಯಲ್ಲಿರುವ ಬಗ್ಗುವ ಕ್ಯಾಥೆಟರ್‌ಗಳಲ್ಲಿ ಬಹುಪಾಲು ಇದೇ.

ಎಷ್ಟು ಎಳೆಯಬೇಕು ಎಂಬ ಲೆಕ್ಕ ಚೆಂದ ಇದೆ. ಕೊಳವೆಯ ನಡುವಿನಿಂದ ತಂತಿ ಎಷ್ಟು ದೂರ ಇದೆಯೋ ಅದನ್ನು ಬಗ್ಗುವ ಕೋನದಿಂದ ಗುಣಿಸಿ, ಕೋನ ರೇಡಿಯನ್‌ನಲ್ಲಿರಲಿ. ತಂತಿ 1 ಮಿ.ಮೀ. ದೂರದಲ್ಲಿದ್ದು ತುದಿ ಪೂರ್ತಿ ಹಿಂದಕ್ಕೆ, ಅಂದರೆ 180 ಡಿಗ್ರಿ ಬಗ್ಗಬೇಕಾದರೆ ಎಳೆಯಬೇಕಾದದ್ದು 3.14 ಮಿ.ಮೀ. ಬಗ್ಗುವ ಭಾಗ ಉದ್ದವಿದ್ದರೂ ಗಿಡ್ಡವಿದ್ದರೂ ಅಷ್ಟೇ. ಕಾಗದದ ಮೇಲೆ ಎಷ್ಟು ಸಲೀಸು!

ಈಗ ಆ ಒಂದು ಮೀಟರಿಗೆ ಬನ್ನಿ. ತುದಿ ಬಗ್ಗಿಸಲು 10 ನ್ಯೂಟನ್, ಸುಮಾರು ಒಂದು ಕೆ.ಜಿ. ತೂಕದಷ್ಟು ಎಳೆತ ಬೇಕು ಅಂತ ಇಟ್ಟುಕೊಳ್ಳಿ. ತಂತಿ 0.2 ಮಿ.ಮೀ. ದಪ್ಪದ ಸ್ಟೀಲ್. ಆ ಎಳೆತಕ್ಕೆ ಒಂದು ಮೀಟರ್ ತಂತಿ ಸುಮಾರು 1.7 ಮಿ.ಮೀ. ಹಿಗ್ಗುತ್ತದೆ. ಕೊಳವೆ 8 ಫ್ರೆಂಚ್, ಒಳ ವ್ಯಾಸ 1.9 ಮಿ.ಮೀ., ಗಡಸು ಪೆಬ್ಯಾಕ್ಸ್ ಎಂಬ ಪ್ಲಾಸ್ಟಿಕ್, ಅದರ ಬಿಗಿತ ಸುಮಾರು 500 ಮೆಗಾಪಾಸ್ಕಲ್. ಅದೇ ಎಳೆತಕ್ಕೆ ಈ ಕೊಳವೆ 7 ಮಿ.ಮೀ.ಗಿಂತ ಜಾಸ್ತಿ ಕುಗ್ಗುತ್ತದೆ. ತುದಿಗೆ ಬೇಕಿದ್ದದ್ದು 3 ಮಿ.ಮೀ., ಹಿಡಿ ಎಳೆಯಬೇಕಾದದ್ದು 12! ಉಳಿದ ಒಂಬತ್ತು ಮಿ.ಮೀ. ಕೊಳವೆಯಲ್ಲೂ ತಂತಿಯಲ್ಲೂ ಸ್ಪ್ರಿಂಗ್ ಆಗಿ ಕೂತಿರುತ್ತದೆ. ತಂತಿ ಒಂದು ಪಕ್ಕಕ್ಕಿರುವುದರಿಂದ ಆ ಕುಗ್ಗುವಿಕೆ ಕೊಳವೆಯನ್ನೇ ಡೊಂಕು ಮಾಡುತ್ತದೆ. ಬ್ರೇಕ್ ವೈರಿನ ಕವರ್ ಎದ್ದು ನಿಂತದ್ದು ನೆನಪಿದೆಯಲ್ಲ?

ಹೆಣಿಗೆ ಇದೆಯಲ್ಲ, ಅದು ತಡೆಯುವುದಿಲ್ಲವೇ ಅಂತ ಕೇಳುತ್ತಾರೆ. ತಡೆಯುವುದಿಲ್ಲ. ಹೆಣಿಗೆ ತಿರುವಿಗೆ ಗಟ್ಟಿ, ಉದ್ದಕ್ಕೆ ಒತ್ತಿದರೆ ಬುಟ್ಟಿಯ ಹಾಗೆ ಉಬ್ಬಿ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗದಂತೆ ಮಾಡಲು ಸರಿಯಾದ ದಾರಿ ಸೈಕಲ್ಲಿನವರದ್ದೇ: ತಂತಿಯ ಸುತ್ತ ಒತ್ತೊತ್ತಾಗಿ ಸುತ್ತಿದ ಕಾಯಿಲ್ ಹಾಕುವುದು. ಸುತ್ತಿಗೆ ಸುತ್ತು ತಾಗಿಕೊಂಡಿರುವುದರಿಂದ ಕುಗ್ಗಲು ಜಾಗವಿಲ್ಲ, ಆದರೂ ಬಗ್ಗುತ್ತದೆ. ಬೆಲೆ ಏರುತ್ತದೆ, ಜಾಗ ತಿನ್ನುತ್ತದೆ. ಉದ್ದ ಕೊಳವೆಯಲ್ಲಿ ನಾನಂತೂ ಇದಿಲ್ಲದೆ ಮಾಡುವುದಿಲ್ಲ.

ಇನ್ನು ಘರ್ಷಣೆ. ಬೆದರಿದ ಎತ್ತಿನ ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿ ಹಿಡಿದರೆ ಹುಡುಗನೂ ಎತ್ತನ್ನು ನಿಲ್ಲಿಸುತ್ತಾನೆ. ಸುತ್ತು ಹೆಚ್ಚಿದ ಹಾಗೆ ಘರ್ಷಣೆ ಕೂಡುವುದಿಲ್ಲ, ಗುಣಿಸುತ್ತದೆ. ಕ್ಯಾಥೆಟರ್ ಮಹಾಪಧಮನಿಯ ಕಮಾನನ್ನು ಸುತ್ತಿ ಹೋದರೆ ತಂತಿಗೆ 180 ಡಿಗ್ರಿ ಸುತ್ತು ಆಯಿತು. ತಂತಿ ಟೆಫ್ಲಾನ್ ಒಳಪದರದಲ್ಲಿ ಜಾರಿ ಘರ್ಷಣೆಯ ಗುಣಾಂಕ 0.1 ಇದ್ದರೆ ಹಿಡಿಯಲ್ಲಿ 37% ಜಾಸ್ತಿ ಎಳೆಯಬೇಕು. ಒಳಪದರ ಇಲ್ಲದೆ ಅದು 0.3 ಆದರೆ ಎರಡೂವರೆ ಪಟ್ಟು. ಟೆಫ್ಲಾನಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ ಅಂತ ಹೇಳುವುದು ಇದಕ್ಕೇ.

ನಾವೊಮ್ಮೆ ಈ ಪಾಠ ಕಲಿತದ್ದು ಹೀಗೆ. ಮೇಜಿನ ಮೇಲೆ ನೇರವಾಗಿಟ್ಟ ಮಾದರಿ ಸರಾಗವಾಗಿ 180 ಡಿಗ್ರಿ ಬಗ್ಗಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಫೋಟೋ ತೆಗೆದುಕೊಂಡೆವು. ಮಾರನೇ ದಿನ ಅದನ್ನೇ ಅಕ್ರಿಲಿಕ್ಕಿನಲ್ಲಿ ಕೊರೆದ ಕಮಾನಿನೊಳಗೆ ಹಾಕಿದರೆ ಅರ್ಧವೂ ಬಗ್ಗಲಿಲ್ಲ. ಹೊಸದಾಗಿ ಸೇರಿದ್ದ ಹುಡುಗ ಇನ್ನೂ ಸ್ವಲ್ಪ ಎಳೆದ. ಟಕ್ ಅಂತ ಸದ್ದು. ಉಂಗುರದ ಬೆಸುಗೆ ಬಿಟ್ಟಿತ್ತು. ತಪ್ಪು ಅವನದಲ್ಲ. ಹಿಡಿಯಲ್ಲಿ ಎಳೆತಕ್ಕೆ ಮಿತಿಯೇ ಇಟ್ಟಿರಲಿಲ್ಲ ನಾವು.

ಪುಲ್ ವೈರ್ ಆರಿಸಿದ ಮೇಲೆ ಒಳಗಿನ ಆಯ್ಕೆಗಳು ಇನ್ನೂ ಇವೆ. ಒಂದು ತಂತಿಯೋ, ಎರಡೋ, ನಾಲ್ಕೋ? ಒಂದಾದರೆ ಒಂದು ಕಡೆ ಬಗ್ಗುತ್ತದೆ, ಬಿಟ್ಟರೆ ಪ್ಲಾಸ್ಟಿಕ್ಕೇ ವಾಪಸ್ ತರಬೇಕು. ಅದು ಪೂರ್ತಿ ನೇರವಾಗುವುದಿಲ್ಲ. ಎರಡು ತಂತಿಯಾದರೆ ಒಂದು ಸಮತಲದಲ್ಲಿ ಆ ಕಡೆ ಈ ಕಡೆ. ಜೊತೆಗೆ ಹಿಡಿ ತಿರುಗಿಸಿದರೆ ಎಲ್ಲ ದಿಕ್ಕೂ ಸಿಕ್ಕಿತು. ನಾಲ್ಕು ತಂತಿ ಬೇಕಾಗುವುದು ಹಿಡಿ ತಿರುಗಿಸುವುದು ಬೇಡ ಅನ್ನುವ ಕಡೆ. ಹೃದಯದೊಳಗೆ ಕೂತು ಚಿತ್ರ ತೆಗೆಯುವ ಅಲ್ಟ್ರಾಸೌಂಡ್ ಕ್ಯಾಥೆಟರ್‌ಗಳು ಇಂಥವು. ನನ್ನ ಕೇಳಿದರೆ ಎರಡರಿಂದ ಶುರು ಮಾಡಿ. ನಾಲ್ಕು ಹಾಕಿದರೆ ಒಂದು ಎಳೆದಾಗ ಇನ್ನು ಮೂರನ್ನು ಎಷ್ಟು ಸಡಿಲ ಬಿಡಬೇಕು ಎಂಬ ಹೊಸ ಲೆಕ್ಕ ಶುರುವಾಗುತ್ತದೆ.

ತಂತಿಗೆ ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ಹಾಕೋಣವೇ? ಬೇಡ. ನಿಟಿನಾಲ್ ಅಂದರೆ ಎಲ್ಲರಿಗೂ ಮೋಹ. ಆದರೆ ಎಳೆಯುವ ತಂತಿ ಹಿಗ್ಗಬಾರದು, ನಿಟಿನಾಲ್ ಸ್ಟೀಲಿಗಿಂತ ಎರಡು ಮೂರು ಪಟ್ಟು ಜಾಸ್ತಿ ಹಿಗ್ಗುತ್ತದೆ. ಅದು ಬಗ್ಗುವ ಜಾಗದಲ್ಲಿ ಬೆನ್ನೆಲುಬಾಗಿ ಇರಲಿ. ಎಂ.ಆರ್.ಐ. ಒಳಗೆ ಕೆಲಸ ಮಾಡಬೇಕಾದರೆ ಮಾತ್ರ ಸ್ಟೀಲ್ ಬಿಟ್ಟು ಗಟ್ಟಿ ನೂಲಿನ ಕಡೆ ನೋಡಿ. ನೂಲು ಕಾಲಕ್ರಮದಲ್ಲಿ ಸಡಿಲವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನೂ ಸಣ್ಣ ಕೊಳವೆಯಲ್ಲಿ ಪುಲ್ ವೈರ್ ಆಗುವುದೇ ಇಲ್ಲ ಅಂತಲ್ಲ. ಜಪಾನಿನ ಸುಮಿಟೊಮೊ ಬೇಕಲೈಟ್‌ನವರ ಸ್ವಿಫ್ಟ್‌ನಿಂಜಾ 2.4 ಫ್ರೆಂಚ್ ತುದಿಯಲ್ಲೇ ಎರಡೂ ಕಡೆ ಬಗ್ಗುತ್ತದೆ. ಆದರೆ ಅಷ್ಟು ಸಣ್ಣದನ್ನು ಮಾಡುವ ಯಂತ್ರ, ಕೈ ಎರಡೂ ಬೇಕು.

ಮ್ಯಾಗ್ನೆಟ್

ಒಂದು ಮೀಟರಿನ ತಾಪತ್ರಯವನ್ನೇ ಪಕ್ಕಕ್ಕಿಡುವ ವಿಧಾನ ಇದು. ತುದಿಯಲ್ಲಿ ಪುಟ್ಟ ಮ್ಯಾಗ್ನೆಟ್. ರೋಗಿಯ ಎರಡೂ ಪಕ್ಕದಲ್ಲಿ ಕೋಣೆ ತುಂಬುವಷ್ಟು ದೊಡ್ಡ ಮ್ಯಾಗ್ನೆಟ್. ಹೊರಗಿನವನ್ನು ತಿರುಗಿಸಿದರೆ ತುದಿ ದಿಕ್ಸೂಚಿಯ ಮುಳ್ಳಿನ ಹಾಗೆ ತಿರುಗುತ್ತದೆ. ಹಿಂದಿನ ಕೊಳವೆ ದಾರದಷ್ಟು ಮೆತ್ತಗಿದ್ದರೂ ಸಾಕು, ಮುಂದಕ್ಕೆ ತಳ್ಳಿದರೆ ಆಯಿತು. ಘರ್ಷಣೆಯ ಗುಣಾಕಾರ ಇಲ್ಲ, ಕುಗ್ಗುವುದಿಲ್ಲ, ಚಾವಟಿ ಇಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ಸ್ಟೀರಿಯೋಟ್ಯಾಕ್ಸಿಸ್ ಕಂಪನಿ ಇದನ್ನು ಬಡಿತದ ದೋಷದ ಚಿಕಿತ್ಸೆಗೆ ತಂದಿತು. ಅವರ ನಿಯೋಬೆ ವ್ಯವಸ್ಥೆಯಲ್ಲಿ ರೋಗಿಯ ಎದೆಯ ಹತ್ತಿರ ಸಿಗುವ ಕ್ಷೇತ್ರ ಸುಮಾರು 0.08 ಟೆಸ್ಲಾ.

ಅದರಿಂದ ಎಷ್ಟು ಬಲ ಬರುತ್ತದೆ? 2 ಮಿ.ಮೀ. ದಪ್ಪ, 5 ಮಿ.ಮೀ. ಉದ್ದದ ಒಳ್ಳೆಯ ನಿಯೋಡಿಮಿಯಂ ಮ್ಯಾಗ್ನೆಟ್ ತುದಿಯಲ್ಲಿದೆ ಅನ್ನಿ. ಅದು ಬಗ್ಗುವ ಜಾಗದಿಂದ 3 ಸೆಂ.ಮೀ. ದೂರ ಇದ್ದರೆ ತುದಿ ಗೋಡೆಗೆ ಒತ್ತುವ ಬಲ ಹೆಚ್ಚೆಂದರೆ 5 ಗ್ರಾಂ ತೂಕದಷ್ಟು. ಕೈಯಿಂದ ಅಬ್ಲೇಶನ್ ಮಾಡುವವರು ಸಾಮಾನ್ಯವಾಗಿ 10ರಿಂದ 30 ಗ್ರಾಂ ನೋಡುತ್ತಾರೆ. ಹಾಗಾಗಿ ಒಂದರ ಬದಲು ಹಲವು ಮ್ಯಾಗ್ನೆಟ್ ಸಾಲಾಗಿ ಇಡಬೇಕಾಗುತ್ತದೆ.

ಇದನ್ನು ದೋಷ ಅನ್ನಬಹುದು, ಗುಣವೂ ಅನ್ನಬಹುದು. ಹೃದಯದ ತೆಳು ಗೋಡೆಯನ್ನು ತೂತು ಮಾಡುವಷ್ಟು ಬಲವೇ ತುದಿಗೆ ಇಲ್ಲ. ವೈದ್ಯರು ಎಕ್ಸ್‌ರೇಯಿಂದ ದೂರ, ಪಕ್ಕದ ಕೋಣೆಯಲ್ಲಿ ಕೂತು ಕೆಲಸ ಮಾಡಬಹುದು. ಆದರೆ ಗಟ್ಟಿ ಜಾಗಕ್ಕೆ ಸೂಜಿ ಚುಚ್ಚಬೇಕು, ಏನನ್ನೋ ತಳ್ಳಬೇಕು ಅಂದರೆ ಇದು ಸೋಲುತ್ತದೆ.

ಸಣ್ಣ ಸ್ಟಾರ್ಟಪ್ಪಿಗೆ ಇದನ್ನು ನಾನು ಸೂಚಿಸುವುದಿಲ್ಲ. ಮ್ಯಾಗ್ನೆಟ್ಟಿನ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಎರಡು ಪಟ್ಟು ದೂರ ಹೋದರೆ ಎಂಟನೇ ಒಂದು. ಅಂಗೈ ಮೇಲೆ ಚೆಂದ ಆಡುವ ಮಾದರಿ ಮನುಷ್ಯನ ಎದೆಯ ಅಳತೆಗೆ ಬಂದಾಗ ಕ್ಯಾಥ್ ಲ್ಯಾಬಿನ ನೆಲ, ಗೋಡೆ, ಎಕ್ಸ್‌ರೇ ಯಂತ್ರ ಎಲ್ಲವನ್ನೂ ಬದಲಿಸಿ ಅನ್ನುತ್ತದೆ. ನೀವು ಮಾರುವುದು ಕ್ಯಾಥೆಟರ್ ಅಲ್ಲ, ಕೋಣೆ.

ಉಳಿದವು

ಒಂದರೊಳಗೊಂದು ಕೂರುವ ಡೊಂಕು ನಿಟಿನಾಲ್ ಕೊಳವೆಗಳದ್ದು ಇನ್ನೊಂದು ದಾರಿ. ಒಂದನ್ನು ತಿರುಗಿಸಿ, ಇನ್ನೊಂದನ್ನು ತಳ್ಳಿದರೆ ಒಟ್ಟು ಆಕಾರ ಬದಲಾಗುತ್ತದೆ. ಎಳೆಯುವ ತಂತಿಯೇ ಇಲ್ಲ, ಗೋಡೆ ತೆಳು, ತುದಿ ಗಟ್ಟಿ. ಅಮೆರಿಕದಲ್ಲಿ ವ್ಯಾಂಡರ್‌ಬಿಲ್ಟ್‌ನ ರಾಬರ್ಟ್ ವೆಬ್‌ಸ್ಟರ್, ಬಾಸ್ಟನ್ ಮಕ್ಕಳ ಆಸ್ಪತ್ರೆಯ ಪಿಯರ್ ಡುಪಾಂಟ್ ಅವರ ತಂಡಗಳು ಇದರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿವೆ. ಡೊಂಕಿನ ಮಿತಿ ಲೆಕ್ಕ ಹಾಕುವುದು ಸುಲಭ: ಕೊಳವೆಯ ದಪ್ಪವನ್ನು ಡೊಂಕಿನ ತ್ರಿಜ್ಯದ ಎರಡು ಪಟ್ಟಿನಿಂದ ಭಾಗಿಸಿ. 2 ಮಿ.ಮೀ. ಕೊಳವೆ, 20 ಮಿ.ಮೀ. ತ್ರಿಜ್ಯ ಆದರೆ 5% ಹಿಗ್ಗು. ನಿಟಿನಾಲ್ ಸುಮಾರು 8%ವರೆಗೆ ತಡೆಯುತ್ತದೆ, ಆದರೆ ಆ ಅಂಚಿಗೆ ಹೋಗಬೇಡಿ. ದೊಡ್ಡ ಅಪಾಯ ಬೇರೆಯೇ ಇದೆ. ಎರಡು ಡೊಂಕುಗಳು ಎದುರುಬದುರಾದಾಗ ಒಳಗಿನ ಕೊಳವೆ ತಿರುವನ್ನು ಹಿಡಿದಿಟ್ಟುಕೊಂಡು ಒಮ್ಮೆಗೇ ಚಿಮ್ಮುತ್ತದೆ. ಮತ್ತೆ ಅದೇ ಚಾವಟಿ. ಉದ್ದ ಹೆಚ್ಚಿದಷ್ಟೂ ಜಾಸ್ತಿ. ಹಾಗಾಗಿ ಗಿಡ್ಡ, ನೇರ ದಾರಿಯ ಕೆಲಸಕ್ಕೆ ಸರಿ. ತೊಡೆಯಿಂದ ಹೃದಯದವರೆಗೆ ಹೋಗುವುದಕ್ಕೆ ಬೇಡ.

ನೀರಿನ ಒತ್ತಡದಿಂದ ಬಗ್ಗಿಸುವುದು ನನಗೆ ತುಂಬ ಇಷ್ಟವಾದ ವಿಚಾರ. ತುದಿಯ ಒಂದು ಪಕ್ಕ ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ, ಉಪ್ಪುನೀರು ತುಂಬಿದರೆ ಬಗ್ಗುತ್ತದೆ. 2021ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ತಂಡ ಮೆದುಳಿನ ರಕ್ತನಾಳಕ್ಕೆ ಇಂಥ ಕ್ಯಾಥೆಟರ್ ತೋರಿಸಿತು. ಕೊಳವೆ ಎಷ್ಟು ಸುತ್ತಿದರೂ ಒತ್ತಡ ತುದಿಗೆ ಮುಟ್ಟುತ್ತದೆ, ಬ್ರೇಕ್ ವೈರಿನ ಕಾಟ ಇಲ್ಲ. ಆದರೆ ಒಂದು ಸಣ್ಣ ಗಾಳಿಗುಳ್ಳೆ ಒಳಗೆ ಉಳಿದರೂ ತುದಿ ಸ್ಪಂಜಿನ ಹಾಗೆ ಆಡುತ್ತದೆ. ತುದಿ ಒಡೆದರೆ ಗುಳ್ಳೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಮೊದಲೇ ಇರಬೇಕು.

ಬಿಸಿ ಮಾಡಿದರೆ ಕುಗ್ಗುವ ಆಕಾರಸ್ಮೃತಿ ತಂತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ವರ್ಷ ಯಾರಾದರೂ ವಿದ್ಯಾರ್ಥಿ ಅದನ್ನು ಹಿಡಿದುಕೊಂಡು ಬರುತ್ತಾರೆ. ಬಗ್ಗುತ್ತದೆ, ತಣ್ಣಗಾಗುವವರೆಗೆ ಕಾಯಬೇಕು. ದೇಹಕ್ಕೆ ತಾಗುವ ಭಾಗ 41 ಡಿಗ್ರಿ ದಾಟಿದರೆ ಸುರಕ್ಷತಾ ಮಾನದಂಡ ವಿವರಣೆ ಕೇಳುತ್ತದೆ. ಡೆಮೋಗೆ ಚೆನ್ನ.

ರೋಬೋಟ್ ಯಾಕೆ ಪಟ್ಟಿಯಲ್ಲಿಲ್ಲ ಅಂತ ಕೇಳಬಹುದು. ಯಾಕೆಂದರೆ ಅದು ಬೇರೆ ವಿಧಾನವೇ ಅಲ್ಲ. 2007ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹ್ಯಾನ್ಸನ್ ಕಂಪನಿಯ ಸೆನ್ಸೈ ರೋಬೋಟ್ ಆಗಲಿ, ಶ್ವಾಸಕೋಶಕ್ಕೆ ಬಂದ ಮೊನಾರ್ಕ್, ಅಯಾನ್ ಆಗಲಿ, ಒಳಗೆ ಇರುವುದು ಎಳೆಯುವ ತಂತಿಗಳೇ. ಎಳೆಯುವುದು ಬೆರಳಿನ ಬದಲು ಮೋಟಾರ್. ಅಯಾನ್‌ನಲ್ಲಿ ವಿಶೇಷವೆಂದರೆ ಉದ್ದಕ್ಕೂ ಒಂದು ಆಪ್ಟಿಕಲ್ ಫೈಬರ್ ಇದ್ದು ಕ್ಯಾಥೆಟರ್ ಎಲ್ಲೆಲ್ಲಿ ಎಷ್ಟು ಬಗ್ಗಿದೆ ಎಂದು ಹೇಳುತ್ತದೆ. ತಂತಿ ಹಿಗ್ಗಿದ್ದು, ಕೊಳವೆ ಕುಗ್ಗಿದ್ದು ಎಲ್ಲ ಮೋಟಾರಿಗೆ ಗೊತ್ತಾಗಿ ಸರಿಮಾಡಿಕೊಳ್ಳುತ್ತದೆ. ದುಬಾರಿ, ಆದರೆ ಜಾಣ ಉಪಾಯ.

ನಾನಾದರೆ

ಹೃದಯದ ಬಲ ಕೋಣೆಗೆ ತೊಡೆಯ ರಕ್ತನಾಳದಿಂದ ಹೋಗುವುದಾದರೆ ದಾರಿ ಹೆಚ್ಚು ಕಡಿಮೆ ನೇರ. ಎರಡು ತಂತಿ, ಕಾಯಿಲ್, ಟೆಫ್ಲಾನ್, ಒಳ್ಳೆಯ ಹೆಣಿಗೆ. ಮುಗಿಯಿತು. ಕಮಾನು ಸುತ್ತಿ ಹೋಗುವುದಾದರೆ ತಂತಿಯನ್ನು ಹಿಂದಿನ ಉದ್ದದಲ್ಲಿ ಕೊಳವೆಯ ನಡುವಿನಲ್ಲೇ ಒಯ್ದು, ಬಗ್ಗುವ ಭಾಗ ಬಂದಾಗ ಮಾತ್ರ ಪಕ್ಕಕ್ಕೆ ತರುತ್ತೇನೆ. ಪಕ್ಕದಲ್ಲಿ ಬಿಗಿದ ತಂತಿ ಯಾವಾಗಲೂ ಕಮಾನಿನ ಒಳಬದಿಗೆ ಹೋಗಿ ಕೂರಲು ನೋಡುತ್ತದೆ. ಆಗ ಹಿಡಿ ಒಂದು ದಿಕ್ಕಿಗೆ ತಿರುಗಿಸಿದರೆ ತುದಿ ಇನ್ನೊಂದಕ್ಕೆ ಹೋಗುತ್ತದೆ.

ಶ್ವಾಸಕೋಶದಲ್ಲಿ ಗಂಟಿನ ಚೂರು ತೆಗೆಯುವುದಾದರೆ ಬಗ್ಗುವುದಕ್ಕಿಂತ ಬಗ್ಗಿದ ಮೇಲೆ ಹಾಗೇ ನಿಲ್ಲುವುದು ಮುಖ್ಯ. ಒಳಗಿನಿಂದ ಸೂಜಿ ತಳ್ಳಿದ ಕೂಡಲೇ ತುದಿ ನೇರವಾಗಿಬಿಟ್ಟರೆ ಗುರಿ ತಪ್ಪಿತು. ಆದ್ದರಿಂದ ಖಾಲಿ ಕ್ಯಾಥೆಟರ್ ಬಗ್ಗಿಸಿ ತೋರಿಸಿದ ಅಂಕಿ ನನಗೆ ಬೇಡ. ಒಳಗೆ ಉಪಕರಣ ಹಾಕಿ ತೋರಿಸಿ. ಮೆದುಳಾದರೆ ಮೊದಲು ಹಬೆ, ಗೈಡ್‌ವೈರ್. ಅದರಿಂದ ಆಗದ ಕವಲು ಯಾವುದು ಅಂತ ವೈದ್ಯರು ಬೆರಳಿಟ್ಟು ತೋರಿಸಿದ ಮೇಲೆ ಮುಂದಿನದು.

ನಮ್ಮ ಕಡೆ ಇನ್ನೊಂದು ವಿಷಯ ನೋಡಬೇಕು. ಒಮ್ಮೆ ಬಳಸಿ ಬಿಸಾಡಬೇಕಾದ ದುಬಾರಿ ಕ್ಯಾಥೆಟರ್‌ಗಳನ್ನು ಖರ್ಚಿನ ಕಾರಣಕ್ಕೆ ತೊಳೆದು ಮತ್ತೆ ಬಳಸುವ ರೂಢಿ ಉಂಟು. ಪುಲ್ ವೈರ್ ಓಡುವ ಕುರುಡು ದಾರಿಯೊಳಗೆ ರಕ್ತ ಹೋದರೆ ತೊಳೆಯಲು ಆಗುವುದೇ ಇಲ್ಲ. ತುದಿಯಲ್ಲಿ ಆ ದಾರಿಯನ್ನು ಭದ್ರವಾಗಿ ಮುಚ್ಚಿ.

ಪ್ಯಾಕ್ ಮಾಡುವಾಗ ತುದಿ ನೇರವಿರಲಿ, ತಂತಿ ಸಡಿಲವಿರಲಿ. ರೋಗಾಣು ಕೊಲ್ಲಲು ಇಡುವ ಎಥಿಲಿನ್ ಆಕ್ಸೈಡ್ ಅನಿಲದ ಕೋಣೆಯ ಬಿಸಿಯಲ್ಲಿ ಎಳೆತ ಹಿಡಿದು ಕೂತ ಪ್ಲಾಸ್ಟಿಕ್ ಅದೇ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಡಬ್ಬಿ ತೆಗೆದಾಗ ಸೊಟ್ಟ ಮೂತಿ ಮಾಡಿಕೊಂಡಿರುತ್ತದೆ.

ಯಾವುದನ್ನೇ ಆರಿಸಿ, ಹಣ ಹಾಕುವ ಮೊದಲು ಒಂದು ಮಧ್ಯಾಹ್ನದ ಪರೀಕ್ಷೆ ಮಾಡಿ. ಒಂದು ಹಲಗೆ ಮೇಲೆ ಪಾರದರ್ಶಕ ಕೊಳವೆಯನ್ನು ನಿಮ್ಮ ರೋಗಿಯ ದಾರಿಯ ಹಾಗೆ ಬಗ್ಗಿಸಿ ಅಂಟಿಸಿ. ಒಳಗೆ 37 ಡಿಗ್ರಿ ನೀರು ಹಾಯಿಸಿ, ಯಾಕೆಂದರೆ ಪ್ಲಾಸ್ಟಿಕ್ ದೇಹದ ಬಿಸಿಗೆ ಮೆತ್ತಗಾಗುತ್ತದೆ. ತುದಿಯ ಕೆಳಗೆ ಕೋನಮಾಪಕ ಬರೆದ ಕಾಗದ ಇಡಿ. ಹಿಡಿಯನ್ನು ಮಿ.ಮೀ. ಮಿ.ಮೀ. ಆಗಿ ಎಳೆಯುತ್ತಾ ಕೋನ ಬರೆದುಕೊಳ್ಳಿ, ಹಾಗೇ ವಾಪಸ್ ಬಿಡುತ್ತಾ ಬರೆದುಕೊಳ್ಳಿ. ಹೋಗುವ ಗೆರೆ, ಬರುವ ಗೆರೆ ಒಂದರ ಮೇಲೊಂದು ಕೂರುವುದಿಲ್ಲ. ಆ ಎರಡು ಗೆರೆಗಳ ನಡುವಿನ ಅಂತರವನ್ನು ಕ್ಯಾಥ್ ಲ್ಯಾಬಿನಲ್ಲಿ ಕೆಲಸ ಮಾಡುವ ವೈದ್ಯರೊಬ್ಬರಿಗೆ ತೋರಿಸಿ. ಅಂಕಿ ಹೇಳಬೇಡಿ, ಹಿಡಿಯನ್ನು ಅವರ ಕೈಗೇ ಕೊಡಿ.